ಬೆಟ್ಟ ಹುತ್ತವಾದದ್ದು

ಕಣ್ಣೆದುರು ಆಕಾಶಕ್ಕೆ ಹೆಗಲು ಕೊಟ್ಟು ನಿಂತಿದ್ದ ಬೆಟ್ಟ ಕ್ಯಾಮೆರಾದೊಳಗೆ ಹೊಕ್ಕು ಬರುವಷ್ಟರಲ್ಲಿ ಹುತ್ತವಾಗಿರುತ್ತದೆ. ನನ್ನ ಹಳೆಯ ಫೋಟೊಗಳಲ್ಲಿ ಇಂಥ ಹುತ್ತಗಳು ನೂರಾರಿವೆ. ‘ಇದೇನಾ ನೀನು ಹೇಳಿದ ಬೆಟ್ಟ?’ ಎಂದು ಮನೆಯವರು ಕೇಳಿದಾಗಲೆಲ್ಲ ‘ಅಲ್ಲಿಗೇ ಬಂದು ನೋಡಬೇಕಿತ್ತು’ ಅಂತ ತೇಲಿಸಿಬಿಡುತ್ತಿದ್ದೆ.

ತಪ್ಪು ಬೆಟ್ಟದ್ದಲ್ಲ, ನನ್ನ ದುರಾಸೆಯದು. ಎಲ್ಲವೂ ಬೇಕೆಂದು 16 ಮಿ.ಮೀ. ವೈಡ್ ಲೆನ್ಸ್ ಹಾಕುತ್ತಿದ್ದೆ. ಅದು ಎಲ್ಲವನ್ನೂ ಕೊಡುತ್ತದೆ ನಿಜ, ಆದರೆ ಹತ್ತಿರದ್ದನ್ನು ಹಿಗ್ಗಿಸಿ, ದೂರದ್ದನ್ನು ಕುಗ್ಗಿಸಿ. ಬೆಟ್ಟ ಬೆಟ್ಟವಾಗಿಯೇ ಬೇಕಿದ್ದರೆ ದೂರದ್ದನ್ನು ಹತ್ತಿರಕ್ಕೆಳೆಯುವ 100 ಮಿ.ಮೀ. ಲೆನ್ಸ್ ಹಾಕಿ ದೂರದಿಂದ ತೆಗೆಯಬೇಕು. ವೈಡೇ ಬೇಕೆಂದರೆ ಕಾಲಬುಡದಲ್ಲಿ ಏನಾದರೂ ಇರಬೇಕು: ಪಾಚಿಗಟ್ಟಿದ ಬಂಡೆ, ಒಂದು ಹಿಡಿ ಹೂವು. ಹಾಗಾಗಿ ಈಗ ಬೆಟ್ಟ ನೋಡಲು ಹೋಗಿ ನೆಲ ನೋಡುತ್ತಾ ಅಲೆಯುತ್ತೇನೆ. ಏನು ಕಳಕೊಂಡಿರಿ ಎಂದು ಕೇಳಿದವರೂ ಉಂಟು.

ಬಂಡೆ, ಬೆಟ್ಟ ಎರಡೂ ಸ್ಪಷ್ಟವಾಗಿ ಬರಲೆಂದು ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯನ್ನು, ಎಫ್/22ಕ್ಕೆ ಇಳಿಸುವ ಚಪಲ ಬೇಡ (ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು). ಕಿಂಡಿ ತೀರಾ ಕಿರಿದಾದರೆ ಬೆಳಕು ಅದರ ಅಂಚಿನಲ್ಲಿ ಬಾಗಿ, ಇಡೀ ಚಿತ್ರವೇ ಮೊಂಡಾಗುತ್ತದೆ. ಎಫ್/11ರಲ್ಲಿಟ್ಟು ಬಂಡೆಗಿಂತ ತುಸು ಆಚೆ ಫೋಕಸ್ ಮಾಡಿದರೆ ಸಾಮಾನ್ಯವಾಗಿ ಸಾಕು.

ಟ್ರೈಪಾಡ್ ಬೆನ್ನಿಗೆ ಶತ್ರು, ಸಂಜೆಗೆ ನೆಂಟ. ಅದರ ಮೇಲಿಟ್ಟೂ ಬೆರಳಿನಿಂದ ಬಟನ್ ಒತ್ತಿದರೆ ಕ್ಯಾಮೆರಾ ಅಲುಗುತ್ತದೆ, 2 ಸೆಕೆಂಡಿನ ಟೈಮರ್ ವಾಸಿ. ಶಟರನ್ನು ಅರ್ಧ ಸೆಕೆಂಡು ತೆರೆದಿಟ್ಟರೆ ಜಲಪಾತ ಹತ್ತಿಯ ಎಳೆಗಳಂತೆ ಇಳಿಯುತ್ತದೆ. ಹತ್ತು ಸೆಕೆಂಡು ಇಟ್ಟರೆ ನೀರೋ ಹೊಗೆಯೋ ತಿಳಿಯದು. ನನಗಂತೂ ಅದು ಹಿಡಿಸದು.

ಇಷ್ಟೆಲ್ಲ ಹೊಂದಿಸುವಷ್ಟರಲ್ಲಿ ಬೆಳಕು ಹೊರಟುಹೋಗಿರುತ್ತದೆ ಅನ್ನುವುದು ಬೇರೆ ಮಾತು. 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಝ್ ಊರಿನ ಮೇಲೆ ಚಂದ್ರ ಏರಿದ್ದನ್ನು ಕಂಡು ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಕಾರು ನಿಲ್ಲಿಸಿ ಇಳಿದರು. ಬೆಳಕು ಅಳೆಯುವ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಪ್ರಖರತೆಯ ಲೆಕ್ಕ ತಲೆಯಲ್ಲಿತ್ತು, ಅದರ ಮೇಲೆ ಎಕ್ಸ್‌ಪೋಶರ್, ಅಂದರೆ ಫಿಲ್ಮಿಗೆ ಎಷ್ಟು ಬೆಳಕು ಬಿಡಬೇಕೆಂದು, ಗುಣಿಸಿ ಒಂದು ಚಿತ್ರ ತೆಗೆದರು. ಎರಡನೆಯದಕ್ಕೆ ಅಣಿಯಾಗುವಷ್ಟರಲ್ಲಿ ಸ್ಮಶಾನದ ಶಿಲುಬೆಗಳ ಮೇಲಿನ ಬಿಸಿಲು ಮಾಯ. ನನ್ನ ಮೀಟರ್ ಕ್ಯಾಮೆರಾದೊಳಗೇ ಇದೆ, ಅದು ಕಳೆಯುವ ಮಾತಿಲ್ಲ. ನಾನು ಹುಡುಕುವುದು ಬ್ಯಾಟರಿಯನ್ನು.

ಸೂರ್ಯ ಮುಳುಗಿದ ಕೂಡಲೇ ಎಲ್ಲರೂ ಗಂಟುಮೂಟೆ ಕಟ್ಟುತ್ತಾರೆ. ನಾನೂ ಕಟ್ಟುತ್ತಿದ್ದೆ. ಒಮ್ಮೆ ಟ್ರೈಪಾಡಿನ ಮೂರನೇ ಕಾಲು ಮಡಚಿಕೊಳ್ಳದೆ ಸತಾಯಿಸಿತು. ಅದರೊಂದಿಗೆ ಹತ್ತು ನಿಮಿಷ ಗುದ್ದಾಡಿ ತಲೆಯೆತ್ತಿದರೆ, ದಿಗಂತದ ಕೆಳಗಿನಿಂದ ಸೂರ್ಯ ಮೋಡಗಳ ಹೊಟ್ಟೆಗೆ ಕೆಂಪು ಹಚ್ಚಿದ್ದ. ಮಡಚಿಟ್ಟಿದ್ದ ಎರಡು ಕಾಲುಗಳನ್ನು ಮತ್ತೆ ಬಿಚ್ಚಿದೆ.