ಕನ್ವರ್ಟರ್ ಹಚ್ಚಿದರೆ ತುಕ್ಕು ಮತ್ತೆ ಕಬ್ಬಿಣವಾಗುತ್ತದೆಯೇ?

‘ಹಳೇ ಪ್ರೀಮಿಯರ್ ಪದ್ಮಿನಿ ಕಾರಿಗೆ ರಸ್ಟ್ ಕನ್ವರ್ಟರ್ (ತುಕ್ಕಿನ ಮೇಲೆ ಹಚ್ಚುವ ದ್ರಾವಣ) ಬಳಿದರೆ ಸಾಕು, ತುಕ್ಕು ಮತ್ತೆ ಕಬ್ಬಿಣವಾಗುತ್ತದೆ, ವೆಲ್ಡಿಂಗ್ ಬೇಕಿಲ್ಲ’ ಎಂಬ ಮಾತು ಓಡಾಡುತ್ತಿದೆ. ಇದು ತಪ್ಪು.

ಕನ್ವರ್ಟರ್‌ನಲ್ಲಿ ಸಾಮಾನ್ಯವಾಗಿ ಇರುವುದು ಟ್ಯಾನಿಕ್ ಅಥವಾ ಫಾಸ್ಫಾರಿಕ್ ಆಮ್ಲ. ಅದು ತುಕ್ಕನ್ನು ಕಪ್ಪನೆಯ ಪದರವಾಗಿ ಬದಲಿಸುತ್ತದೆ, ಅಷ್ಟೇ. ಸವೆದ ತಗಡು ವಾಪಸ್ ಬರುವುದಿಲ್ಲ. ಮೇಲುಮೇಲಿನ ತುಕ್ಕಾದರೆ, ವೈರ್ ಬ್ರಷ್‌ನಿಂದ ಪುಡಿ ಉಜ್ಜಿ ತೆಗೆದು ಹಚ್ಚಬಹುದು, ತಕರಾರಿಲ್ಲ.

ಆದರೆ ಪದ್ಮಿನಿಗೆ ಬೇರೆ ಚಾಸಿ (ಭಾರ ಹೊರುವ ಅಡಿಚೌಕಟ್ಟು) ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಫ್ಲೋರ್ ತೂತಾಗಿದ್ದರೆ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಹೊಸ ತುಂಡು ವೆಲ್ಡ್ ಮಾಡಲೇಬೇಕು. ತೂತಿಗೆ ಸುಮ್ನೆ ಪುಟ್ಟಿ ಮೆತ್ತಿದರೆ ಅದು ನೀರು ಹೀರಿಕೊಂಡು ಒಳಗೊಳಗೇ ತುಕ್ಕು ಜಾಸ್ತಿಯಾಗುತ್ತದೆ. ಹೊರಗೆ ಪೇಂಟ್ ಮಾತ್ರ ಫಳಫಳ!