ದೈಹಿಕ ಕ್ಷಮೆ

ಅಭ್ಯಾಸ ಮಾಡಿದವರು ಮಾಡದವರಿಗಿಂತ ಚೆನ್ನಾಗಿ ಆಡುತ್ತಾರೆ. ಇದು ನಮ್ಮಜ್ಜಿಗೂ ಗೊತ್ತಿತ್ತು. ಆದರೆ ಅಜ್ಜಿಗೆ ಪಿಎಚ್.ಡಿ. ಇರಲಿಲ್ಲ.

ಮೊನ್ನೆ ಪರಿಚಯದ ಹುಡುಗನೊಬ್ಬ ಕರಡು ತಿದ್ದಿಕೊಡಿ ಸರ್ ಅಂತ ತನ್ನ ಪ್ರಬಂಧ ತಂದ. ಕನ್ನಡದಲ್ಲೇ ಬರೆದಿದ್ದಾನೆ, ಭೇಷ್. ಹೆಸರು ಗೂಡ್ಸ್ ರೈಲಿನಷ್ಟು ಉದ್ದ: 'ವಿಶ್ವವಿದ್ಯಾಲಯ ಮಟ್ಟದ ಟೆನಿಸ್ ಆಟಗಾರರ ಆಯ್ದ ದೈಹಿಕ ಕ್ಷಮತೆ ಹಾಗೂ ಕೌಶಲಗಳ ಮೇಲೆ ಹನ್ನೆರಡು ವಾರಗಳ ತರಬೇತಿಯ ಪರಿಣಾಮ'. ಇಪ್ಪತ್ತು ಹುಡುಗರನ್ನು ಹನ್ನೆರಡು ವಾರ ಓಡಿಸಿದ್ದಾರೆ. ಇನ್ನಿಪ್ಪತ್ತು ಜನಕ್ಕೆ ಸುಮ್ಮನೆ ಕೂತಿರಿ ಅಂದಿದ್ದಾರೆ. ಇವರಿಗೆ 'ನಿಯಂತ್ರಿತ ಗುಂಪು' ಎಂಬ ಬಿರುದು. ಓಡಿದವರು ಸುಧಾರಿಸಿದರು, ಕೂತವರು ಇದ್ದಹಾಗೇ ಇದ್ದರು. ಸಂಖ್ಯಾಶಾಸ್ತ್ರದ 0.05 ಮಟ್ಟದಲ್ಲಿ ಸಾಬೀತು.

ಕೌಶಲ ಅಳೆದದ್ದು ಡಯರ್ ಪರೀಕ್ಷೆಯಿಂದ. 1930ರ ದಶಕದ್ದು. ಗೋಡೆಯ ಮೇಲೆ 3 ಅಡಿ ಎತ್ತರಕ್ಕೊಂದು ಗೆರೆ. 30 ಸೆಕೆಂಡಿನಲ್ಲಿ ಚೆಂಡು ಎಷ್ಟು ಸಲ ಗೆರೆಗೆ ಅಥವಾ ಅದರಿಂದ ಮೇಲಕ್ಕೆ ಬಡಿಯಿತು ಅಂತ ಎಣಿಸುವುದು. ಎದುರಾಳಿ ಬೇಡ, ನೆಟ್ ಬೇಡ, ಕೋರ್ಟೂ ಬೇಡ. ನಮ್ಮ ಕ್ಯಾಂಪಸ್ಸುಗಳನ್ನು ನೋಡಿಯೇ ಮಾಡಿದಂತಿದೆ.

ಹುಡುಗನ ಕ್ಯಾಂಪಸ್ಸಿನ ಟೆನಿಸ್ ಕೋರ್ಟನ್ನೂ ನೋಡಿಬಂದೆ. 23.77 ಮೀಟರ್ ಉದ್ದದಲ್ಲಿ ಎರಡೂ ಬೇಸ್‌ಲೈನ್ ಕಾಂಗ್ರೆಸ್ ಗಿಡದ ಪಾಲು. ಸರ್ವಿಸ್ ಬಾಕ್ಸಿನಲ್ಲಿ ಘಟಿಕೋತ್ಸವದ ಶಾಮಿಯಾನಕ್ಕೆ ತೋಡಿದ ಗುಂಡಿಗಳು. ಕಂಬದಿಂದ ಕಂಬಕ್ಕೆ ಹಗ್ಗ, ಹಗ್ಗದ ಮೇಲೆ ಹಾಸ್ಟೆಲ್ ಹುಡುಗರ ಲುಂಗಿ, ಟವೆಲ್ಲು. ನೆಟ್ಟಿನ ನಡುವಿನ ಎತ್ತರ 0.914 ಮೀಟರ್ ಇರಬೇಕಂತೆ. ಲುಂಗಿ ಒದ್ದೆಯಿದ್ದಾಗ ಜೋತುಬಿದ್ದಿರುತ್ತದೆ, ಒಣಗುತ್ತ ಒಣಗುತ್ತ ನಿಯಮಕ್ಕೆ ಬರುತ್ತದೆ.

ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿಗೆ, 2024ರಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಆ ವಯಸ್ಸಿಗೆ ನಮ್ಮ ಸಂಶೋಧಕರು ಗೈಡ್ ಸಾಹೇಬರ ಸಹಿಗಾಗಿ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಓಡುತ್ತಿರುತ್ತಾರೆ. ಅದೂ ಕ್ಷಮತೆಯೇ. 2019ರಿಂದ ಫಿಟ್ ಇಂಡಿಯಾ ಅಭಿಯಾನ ಬೇರೆ ಇದೆಯಲ್ಲ: ಬಿಸಿಲಲ್ಲಿ ಪ್ರತಿಜ್ಞೆ, ಫೋಟೊ, ನೆರಳಲ್ಲಿ ಕೇಸರಿಬಾತು.

ಚೆಂಡು ಕೇಳಿದರೆ ಮೂರು ಕೊಟೇಶನ್ ತನ್ನಿ ಅಂತಾರೆ. ಡಬ್ಬಿ ಒಡೆದ ಚೆಂಡು ಕೆಲವೇ ವಾರಗಳಲ್ಲಿ ಪುಟಿಯುವುದನ್ನು ಮರೆಯುತ್ತದೆ. ಕೊಟೇಶನ್ನಿಗೆ ಮಂಜೂರಾತಿ ಸಿಗುವಷ್ಟರಲ್ಲಿ ಹುಡುಗರೇ ಪಾಸಾಗಿ ಹೋಗಿರುತ್ತಾರೆ.

ನಗಿಸಿ ನಗಿಸಿ ಸಾಕಾಯಿತು. ವಿಶ್ವವಿದ್ಯಾಲಯದ ಸಾಹೇಬರೇ, ಪ್ರತಿ ವರ್ಷ ಆ ಮಕ್ಕಳ ಹತ್ತಿರ ಕ್ರೀಡಾ ಶುಲ್ಕ ಅಂತ ಎಣಿಸಿಕೊಳ್ಳುತ್ತೀರಿ, ರಸೀದಿ ಹರಿಯುತ್ತೀರಿ. ಆ ದುಡ್ಡಲ್ಲಿ ಒಂದು ನೆಟ್ ಕಟ್ಟಿಸೋಕೆ ಏನು ಧಾಡಿ?

ಹುಡುಗನ ಕೊನೆಯ ಅಧ್ಯಾಯದಲ್ಲಿ ಶಿಫಾರಸು ಇದೆ: 'ಇದೇ ಅಧ್ಯಯನವನ್ನು ಬ್ಯಾಡ್ಮಿಂಟನ್ ಆಟಗಾರರ ಮೇಲೂ ಕೈಗೊಳ್ಳಬಹುದು.' ಕಾಗುಣಿತದ ತಪ್ಪುಗಳನ್ನೆಲ್ಲ ತಿದ್ದಿಕೊಟ್ಟೆ. ಒಂದು ಕಡೆ 'ದೈಹಿಕ ಕ್ಷಮತೆ' ಹೋಗಿ 'ದೈಹಿಕ ಕ್ಷಮೆ' ಅಂತ ಟೈಪಾಗಿತ್ತು. ಅದನ್ನು ಮಾತ್ರ ಮುಟ್ಟಲಿಲ್ಲ.