ತುಂಗೆಗೆ ದಿನವೂ ಬಾಗಿನ

ಮುಂಗಾರು ಹಿಡಿದು ಗಾಜನೂರಿನ ಅಣೆಕಟ್ಟಿನ ಗೇಟುಗಳು ತೆರೆದವೆಂದರೆ ಶಿವಮೊಗ್ಗದವರಿಗೆ ಮಳೆಯನ್ನು ಮಿಲಿಮೀಟರುಗಳಲ್ಲಿ ಅಳೆಯುವ ಅಗತ್ಯ ಬೀಳುವುದಿಲ್ಲ. ಕೋರ್ಪಲಯ್ಯನ ಛತ್ರದ ಬಳಿ ಹೊಳೆಯಲ್ಲಿ ನಿಂತಿರುವ ಕಲ್ಲಿನ ಮಂಟಪ ಮುಳುಗಿತೇ ಇಲ್ಲವೇ ಎಂಬುದೊಂದೇ ನಮ್ಮ ಅಳತೆಗೋಲು. ಮುಳುಗಿತೆಂಬ ಸುದ್ದಿ ಬಂದೊಡನೆ ಊರು ಛತ್ರಿ ಹಿಡಿದು ದಡಕ್ಕೆ ಓಡುತ್ತದೆ. ಮೊರದಲ್ಲಿ ಸೀರೆ, ಕುಪ್ಪಸದ ಕಣ, ಬಳೆ, ಅರಿಸಿನ, ಕುಂಕುಮ, ತೆಂಗಿನಕಾಯಿಗಳನ್ನಿಟ್ಟು, ಮೇಲೊಂದು ಮೊರ ಮುಚ್ಚಿ, ಗಣ್ಯರೆನಿಸಿಕೊಂಡವರೆಲ್ಲ ಆ ಒಂದೇ ಮೊರಕ್ಕೆ ಬೆರಳು ತಾಗಿಸಿಕೊಂಡು, ಛಾಯಾಚಿತ್ರಗ್ರಾಹಕರು ಸಾಕೆನ್ನುವವರೆಗೆ ಹಿಡಿದಿದ್ದು, ಆಮೇಲೆ ತಾಯಿ ತುಂಗೆಗೆ ಬಾಗಿನ ಬಿಡುತ್ತಾರೆ.

ಈ ಬಾಗಿನ ವರ್ಷಕ್ಕೊಮ್ಮೆ ಮಾತ್ರ. ಇದಕ್ಕೆ ಮುಹೂರ್ತ ಬೇಕು, ಪುರೋಹಿತರು ಬೇಕು, ಬಾಳೆಕಂದು ಬೇಕು. ಇವೊಂದೂ ಇಲ್ಲದೆ, ಯಾರ ಹೆಸರನ್ನೂ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚುಹಾಕಿಸದೆ, ರಾಜಕಾಲುವೆಗಳ ಮೂಲಕ ದಿನವೂ ಸಲ್ಲುವ ಇನ್ನೊಂದು ಬಾಗಿನವಿದೆ. ನೀರು ಸರಬರಾಜಿನ ಎಂಜಿನಿಯರುಗಳು ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂದೂ, ಅದರಲ್ಲಿ ಶೇಕಡಾ 80ರಷ್ಟು ಕೊಳಚೆಯಾಗಿ ಮರಳುತ್ತದೆಂದೂ ಲೆಕ್ಕ ಹಿಡಿಯುತ್ತಾರೆ. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 3,22,650. ಆಮೇಲೆ ನಾವು ಸುಮ್ಮನೆ ಕುಳಿತಿಲ್ಲವಾದರೂ ಆ ಹಳೆಯ ಸಂಖ್ಯೆಯನ್ನೇ ಗುಣಿಸಿದರೆ ದಿನಕ್ಕೆ ಸುಮಾರು 3.5 ಕೋಟಿ ಲೀಟರ್ ಬಚ್ಚಲ ನೀರಾಗುತ್ತದೆ. ಅದರಲ್ಲಿ ಶುದ್ಧೀಕರಣ ಘಟಕದ ದಾರಿ ಹಿಡಿಯುವುದೆಷ್ಟು, ದಾರಿ ತಪ್ಪಿ ಹೊಳೆಗೆ ಬರುವುದೆಷ್ಟು ಎಂದು ತಿಳಿಯಲು ಕಡತ ಬಿಡಿಸಬೇಕಾಗಿಲ್ಲ. ಬೇಸಿಗೆಯ ಸಂಜೆ ಕಾಲುವೆ ಹೊಳೆ ಸೇರುವ ಜಾಗದಲ್ಲಿ ಎರಡು ನಿಮಿಷ ನಿಂತರೆ ಮೂಗು ತಾನಾಗಿಯೇ ವರದಿ ಒಪ್ಪಿಸುತ್ತದೆ. ಅದರಲ್ಲಿ ನನ್ನ ಮನೆಯ ಬಚ್ಚಲಿನ ಪಾಲೂ ಇದೆಯೆಂಬುದನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ. ಬಾಗಿನದ ಮೊರ ಮುಟ್ಟುವ ಭಾಗ್ಯ ನನಗೆ ಈವರೆಗೆ ಸಿಕ್ಕಿಲ್ಲವಾದರೂ ಈ ಎರಡನೆಯ ಬಾಗಿನಕ್ಕೆ ಒಂದು ದಿನವೂ ತಪ್ಪಿಸಿದವನಲ್ಲ.

ಇದಕ್ಕೆಲ್ಲ ನಮಗೆ ಧೈರ್ಯ ಕೊಟ್ಟಿರುವುದು 'ಗಂಗಾ ಸ್ನಾನ, ತುಂಗಾ ಪಾನ' ಎಂಬ ಗಾದೆ. ಗಂಗೆಯಲ್ಲಿ ಮೀಯಬೇಕು, ತುಂಗೆಯನ್ನು ಕುಡಿಯಬೇಕು ಎಂದು ಹಿರಿಯರು ಹೇಳಿಟ್ಟ ಮೇಲೆ ತುಂಗೆಯ ನೀರು ಸಿಹಿಯಾಗಿರುವುದು ತುಂಗೆಯ ಕರ್ತವ್ಯವೇ ಹೊರತು ನಮ್ಮದಲ್ಲ. ಊರಿನ ಹೆಸರೇ 'ಸಿಹಿ ಮೊಗೆ'ಯಿಂದ ಬಂದದ್ದೆಂದು ಹೇಳಿಕೊಳ್ಳುವವರು ನಾವು. 2014ರಲ್ಲಿ ಆ ಹೆಸರನ್ನು ಇಂಗ್ಲಿಷಿನಲ್ಲಿಯೂ ತಿದ್ದಿಸಿಕೊಂಡೆವು. ಮೊಗೆಯ ಒಳಗಿನದನ್ನು ಇನ್ನೂ ತಿದ್ದಿಲ್ಲ. ಗಾದೆ ಕಟ್ಟಿದವರು ಮೀನನ್ನು ಒಂದು ಮಾತು ಕೇಳಿದ್ದರೆ ಒಳ್ಳೆಯದಿತ್ತು. ಸ್ನಾನಕ್ಕೊಂದು ನದಿ, ಪಾನಕ್ಕೊಂದು ನದಿ ಎಂದು ಆರಿಸಿಕೊಳ್ಳುವ ಸೌಕರ್ಯ ಅದಕ್ಕಿಲ್ಲ. ಸ್ನಾನ, ಪಾನ, ಉಸಿರಾಟ, ಸಂಸಾರ ಎಲ್ಲವೂ ಅದಕ್ಕೆ ಅದೇ ನೀರಿನಲ್ಲಿ.

ಈ ವಿಷಯದಲ್ಲಿ ಶಿವಮೊಗ್ಗವನ್ನೊಂದೇ ದೂರುವುದು ನ್ಯಾಯವಲ್ಲ. ಊರಿನ ಮೇಲೆ ನೀರೆತ್ತು, ಊರಿನ ಕೆಳಗೆ ಬಿಡು ಎಂಬುದು ಹೊಳೆಸಾಲಿನ ಊರುಗಳೆಲ್ಲ ಒಮ್ಮತದಿಂದ ಪಾಲಿಸಿಕೊಂಡು ಬಂದಿರುವ ಏಕೈಕ ಜಲನೀತಿ. ಶೃಂಗೇರಿ ಬಿಟ್ಟದ್ದನ್ನು ತೀರ್ಥಹಳ್ಳಿ ಕುಡಿಯುತ್ತದೆ, ತೀರ್ಥಹಳ್ಳಿ ಬಿಟ್ಟದ್ದು ನಮ್ಮ ನಲ್ಲಿಗೆ ಬರುತ್ತದೆ, ನಾವು ಬಿಟ್ಟದ್ದು ಕೂಡಲಿಗೆ ಹೋಗುತ್ತದೆ. ಅಷ್ಟರಲ್ಲಿ ಆ ಕಡೆಯಿಂದ ಭದ್ರಾವತಿಯ ಪಾಲನ್ನು ಹೊತ್ತು ಭದ್ರೆಯೂ ಬಂದಿರುತ್ತಾಳೆ. ಎರಡು ನಗರಗಳ ಬಚ್ಚಲು ಒಂದಾಗುವ ಆ ಪುಣ್ಯಕ್ಷೇತ್ರದಲ್ಲಿ ಭಕ್ತರು ಮೂಗು ಹಿಡಿದು ಮೂರು ಬಾರಿ ಮುಳುಗುತ್ತಾರೆ. ಮೂಗು ಹಿಡಿಯಬೇಕೆಂಬ ಶಾಸ್ತ್ರಕ್ಕೆ ಇಷ್ಟು ಗಟ್ಟಿಯಾದ ಆಧಾರ ಹಿಂದೆಂದೂ ಇದ್ದಿರಲಾರದು.

ಸರ್ಕಾರವೇನೂ ಕಣ್ಣು ಮುಚ್ಚಿ ಕುಳಿತಿಲ್ಲ. ನೀರನ್ನು ಎ, ಬಿ, ಸಿ, ಡಿ, ಇ ಎಂದು ವಿಂಗಡಿಸಿ ಯಾವುದು ಯಾವುದಕ್ಕೆ ಸಲ್ಲುತ್ತದೆ ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಎಂದೋ ಬರೆದಿಟ್ಟಿದೆ. ಸೋಂಕು ನಿವಾರಿಸಿದರೆ ಸಾಕು, ಕುಡಿಯಬಹುದಾದದ್ದು ಎ; ಮೀಯಲು ಬಿ; ಪೂರ್ತಿ ಶುದ್ಧೀಕರಿಸಿ ಕುಡಿಯಲು ಸಿ; ವನ್ಯಜೀವಿಗಳಿಗೂ ಮೀನುಗಾರಿಕೆಗೂ ಡಿ; ಗದ್ದೆಗೆ, ಕಾರ್ಖಾನೆಗಳ ಯಂತ್ರ ತಂಪಾಗಿಸಲಿಕ್ಕೆ ಇ. ಇದರಲ್ಲಿ ನನ್ನನ್ನು ಬಹುವಾಗಿ ಸೆಳೆದದ್ದು ನೀರಿನಲ್ಲಿ ಕರಗಿರುವ ಆಮ್ಲಜನಕದ ಲೆಕ್ಕ. ಹಬ್ಬಕ್ಕೊಮ್ಮೆ ಮುಳುಗಿ ತಲೆ ಒರೆಸಿಕೊಂಡು ಮನೆಗೆ ಹೋಗುವ ಮನುಷ್ಯನಿಗೆ ಒಂದು ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಇರಬೇಕು. ಹುಟ್ಟಿದಂದಿನಿಂದ ಸಾಯುವವರೆಗೆ ಮುಳುಗಿಯೇ ಇದ್ದು ಆ ಆಮ್ಲಜನಕವನ್ನೇ ಉಸಿರಾಡುವ ಮೀನಿಗೆ 4 ಮಿಲಿಗ್ರಾಂ ಸಾಕು. ಈ ನಿಯಮ ರೂಪಿಸಿದ ಸಭೆಯಲ್ಲಿ ಮೀನುಗಳ ಪ್ರತಿನಿಧಿ ಗೈರುಹಾಜರಾಗಿದ್ದಿರಬೇಕು.

ಅದೇ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿಪಾತ್ರಗಳ ಪಟ್ಟಿ ಹೊರಡಿಸಿದಾಗ ಕರ್ನಾಟಕದ ಪಾಲಿಗೆ 17 ಬಂದವು. ಅದರಲ್ಲಿ ಭದ್ರೆಯೂ ಇದ್ದಳು, ತುಂಗೆಯೂ ಇದ್ದಳು, ಎರಡೂ ಕೂಡಿದ ತುಂಗಭದ್ರೆಯೂ ಇದ್ದಳು. ತುಂಗೆಗೆ ಸಿಕ್ಕಿದ್ದು ಐದನೆಯ, ಎಂದರೆ ಎಲ್ಲಕ್ಕಿಂತ ಸೌಮ್ಯವಾದ ದರ್ಜೆ. ಮಕ್ಕಳ ಅಂಕಪಟ್ಟಿಯಲ್ಲಿ ಒಂದಂಕ ಕಡಿಮೆಯಾದರೆ ಮನೆಯಲ್ಲಿ ಒಲೆ ಹಚ್ಚದ ನಮ್ಮ ಜಿಲ್ಲೆಯವರು ಈ ಅಂಕಪಟ್ಟಿಯನ್ನು ಮಾತ್ರ ಬಹಳ ಸಮಾಧಾನದಿಂದ ಸ್ವೀಕರಿಸಿದರು.

ಈಗ ಮೀನಿನ ವಿಷಯ. ಮಲೆನಾಡಿನಲ್ಲಿ ಮೀನಿಗೆ ಎರಡು ಬಗೆಯ ಪೌರತ್ವವಿದೆ. ಶೃಂಗೇರಿಯ ಶಾರದಾ ದೇವಾಲಯದ ಮೆಟ್ಟಿಲುಗಳ ಬಳಿ, ತೀರ್ಥಹಳ್ಳಿ ಸಮೀಪದ ಚಿಬ್ಬಲಗುಡ್ಡೆಯ ಸಿದ್ಧಿವಿನಾಯಕನ ಎದುರಿನ ಮತ್ಸ್ಯಧಾಮದಲ್ಲಿ ಅದು ದೇವರ ಮೀನು. ಅದಕ್ಕೆ ಮಂಡಕ್ಕಿಯ ನೈವೇದ್ಯ, ಮಕ್ಕಳ ಚಪ್ಪಾಳೆ, ದೊಡ್ಡವರ ಕೈಮುಗಿತ. ಅದೇ ಮೀನು ಅಕಸ್ಮಾತ್ ಆ ಗುಂಡಿ ದಾಟಿ ಕೆಳಗಿನ ತಿರುವಿಗೆ ಹೋಯಿತೋ, ದೈವತ್ವ ಕಳಚಿ ಬಿದ್ದು ಕಿಲೋ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ಅದಕ್ಕಾಗಿ ಗಾಳ, ಬಲೆ, ಕೆಲವೊಮ್ಮೆ ಸಿಡಿಮದ್ದು ಕಾದಿರುತ್ತವೆ. ಮಾಶೀರ್ ಎಂದು ಹೊರಗಿನವರು ಕರೆಯುವ ಈ ಜಾತಿಗೆ ಬೇಕಾದದ್ದು ಕಲ್ಲುಹಾಸಿನ ಮೇಲೆ ರಭಸದಿಂದ ಹರಿಯುವ, ಆಮ್ಲಜನಕ ತುಂಬಿದ ತಿಳಿನೀರು. ಕೊಳಚೆ ಸೇರಿದ ಕಡೆ ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳೇ ಆ ಆಮ್ಲಜನಕವನ್ನು ಮೊದಲ ಪಂಕ್ತಿಯಲ್ಲಿ ಕುಳಿತು ಉಂಡು ಮುಗಿಸುತ್ತವೆ, ಮೀನಿಗೆ ಎಲೆ ಹಾಕುವಷ್ಟರಲ್ಲಿ ಪಾತ್ರೆ ಖಾಲಿ. ಹೀಗಾಗಿ ಮೀನುಗಳು ದೇವಸ್ಥಾನದ ಎದುರು ಗುಂಪುಗೂಡುವುದನ್ನು ಕಂಡು ನಾವು ಅದನ್ನು ಭಕ್ತಿಯೆಂದು ತಿಳಿದಿದ್ದೇವೆ.

ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರಿ ಮೊಟ್ಟೆಯಿಡಲು ಬರುವ ಮೀನನ್ನು ನಮ್ಮ ಕಡೆ ಹತ್ತುಮೀನು ಎನ್ನುತ್ತಾರೆ. ಅದರ ಹಾದಿಗೆ ನಾವು ಮಾಡಿರುವ ಸಿದ್ಧತೆಗಳನ್ನು ನೋಡಿದರೆ ಮಲೆನಾಡಿನ ಅತಿಥಿಸತ್ಕಾರದ ಬಗ್ಗೆ ಹೆಮ್ಮೆಯೆನಿಸುತ್ತದೆ. ಬೇಸಿಗೆಯುದ್ದಕ್ಕೂ ಕಾಲುವೆಗಳಲ್ಲಿ ಹೂತುಕೊಂಡಿದ್ದ ಕಪ್ಪು ಕೆಸರನ್ನು ಅದೇ ಮೊದಲ ಮಳೆ ತೊಳೆದು ಹೊಳೆಗೆ ತರುವುದರಿಂದ, ಮೀನು ಹೊರಡುವ ಮುಹೂರ್ತವೂ ನಮ್ಮ ಕೊಳಚೆ ಹೊರಡುವ ಮುಹೂರ್ತವೂ ಒಂದೇ ಆಗಿದೆ. ಅದನ್ನು ದಾಟಿ ಉಳಿದದ್ದಕ್ಕೆ ಎದುರಿಗೆ ಗಾಜನೂರಿನ ಗೋಡೆ. ಅಡ್ಡಹಳ್ಳ ಹಿಡಿದು ಮೇಲೆ ಹೋದದ್ದಕ್ಕೆ ಮೀನು ಹಿಡಿಯುವ ಬಿದಿರಿನ ಕೂಣಿ ಹಿಡಿದು, ಟಾರ್ಚ್ ಬಿಟ್ಟುಕೊಂಡು, ಬಸುರಿ ಮೀನಿಗೇ ರುಚಿ ಹೆಚ್ಚೆಂದು ತಿಳಿದ ರಸಿಕರು. ಅವರನ್ನೂ ತಪ್ಪಿಸಿಕೊಂಡು ಮೇಲೇರಿದ ಮೀನಿಗೆ ಅಲ್ಲಿ ಗದ್ದೆಯೇ ಕಾಣುವುದಿಲ್ಲ. ಗದ್ದೆ ಯಾವಾಗಲೋ ಅಡಿಕೆ ತೋಟವಾಗಿದೆ, ತೋಟದಲ್ಲಿ ಕೊಳೆರೋಗಕ್ಕೆಂದು ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ಕೆಲಸ ಸರಿಯಾಗಿ ಅದೇ ತಿಂಗಳುಗಳಲ್ಲಿ ನಡೆದಿರುತ್ತದೆ. ತಾಮ್ರ ಅಡಿಕೆಗೆ ಔಷಧ, ಮೀನಿಗೆ ವಿಷ. ಅಡಿಕೆಯ ಧಾರಣೆಯನ್ನು ದಿನಕ್ಕೆರಡು ಬಾರಿ ವಿಚಾರಿಸುವ ನಾಡಿನಲ್ಲಿ ಈ ವ್ಯಾಜ್ಯದ ತೀರ್ಪು ಯಾರ ಪರವಾಗುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಆದರೂ ಶಿವಮೊಗ್ಗದಲ್ಲಿ ಮೀನಿಗೆ ಬರವಿಲ್ಲ. ಈಗಿನ ನಿಜವಾದ ಹತ್ತುಮೀನು ಮಲ್ಪೆಯ ಬಂಗುಡೆ. ಅದು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಮಲಗಿಕೊಂಡು, ತಿರುವುಗಳಲ್ಲಿ ರಸ್ತೆಗೆಲ್ಲ ನೀರು ಸುರಿಸುತ್ತ ಘಟ್ಟ ಹತ್ತಿ ಬರುತ್ತದೆ. ಹೊಳೆದಡದಲ್ಲಿ ಹುಟ್ಟಿ ಬೆಳೆದವರು ಕಡಲಿನ ಮೀನನ್ನು ಕೊಂಡು ತಿಂದು, ಕೈ ತೊಳೆದ ನೀರನ್ನು ಮಾತ್ರ ತಪ್ಪದೆ ಹೊಳೆಗೆ ಒಪ್ಪಿಸುತ್ತಾರೆ. ಹೊಳೆಗೂ ಮೀನು ಬೇಕೆಂದು ಹಟ ಹಿಡಿಯುವವರಿಗೆ ಆಫ್ರಿಕದ ಕ್ಯಾಟ್‌ಫಿಶ್ ಇದ್ದೇ ಇದೆ. ಅದನ್ನು ಸಾಕುವುದನ್ನು ಸರ್ಕಾರ ನಿಷೇಧಿಸಿದೆಯೆಂಬುದು ಸಣ್ಣ ವಿಷಯ. ಅದು ನೀರಿನಲ್ಲಿ ಉಸಿರು ಕಟ್ಟಿದರೆ ಮೇಲೆ ಬಂದು ಗಾಳಿ ಕುಡಿಯುತ್ತದೆ, ಸಿಕ್ಕಿದ್ದನ್ನು ತಿನ್ನುತ್ತದೆ, ಕೆಸರಿನ ಬಗ್ಗೆ ದೂರುವುದಿಲ್ಲ. ನಗರಗಳು ಬಯಸುವ ಪ್ರಜೆಯ ಲಕ್ಷಣಗಳೆಲ್ಲ ಅದರಲ್ಲಿವೆ.

2016ರಲ್ಲಿ ನಗರ ಸ್ಮಾರ್ಟ್ ಸಿಟಿಯ ಪಟ್ಟಿಗೆ ಸೇರಿದ ಮೇಲೆ ಹೊಳೆಯ ದಂಡೆಗೆ ನಡಿಗೆಯ ಹಾದಿ, ಆಸನ, ದೀಪಗಳೆಲ್ಲ ಬಂದಿವೆ. ಚೆನ್ನಾಗಿಯೇ ಇವೆ, ನಾನೂ ಸಂಜೆ ಹೋಗಿ ಕುಳಿತಿದ್ದೇನೆ. ದಂಡೆಯನ್ನು ಸ್ಮಾರ್ಟ್ ಮಾಡಿದವರು ನೀರನ್ನೂ ಮಾಡಬಹುದಿತ್ತಲ್ಲವೇ ಎಂದು ಪಕ್ಕದಲ್ಲಿ ಕುಳಿತ ನಿವೃತ್ತ ಮೇಷ್ಟರೊಬ್ಬರು ಕೇಳಿದರು. ನೀರು ನಿಲ್ಲುವುದಿಲ್ಲ, ಹರಿದು ಹೋಗುತ್ತದೆ. ಹರಿದು ಹೋಗುವ ವಸ್ತುವಿನ ಮೇಲೆ ಉದ್ಘಾಟನೆಯ ಕಲ್ಲು ನೆಡುವುದು ಕಷ್ಟ ಎಂದು ನಾನು ವಿವರಿಸಿದೆ. ಮೇಷ್ಟರು ಕರವಸ್ತ್ರ ಮೂಗಿಗೆ ಹಿಡಿದುಕೊಂಡೇ ತಲೆದೂಗಿದರು.

ಕಳೆದ ಮಳೆಗಾಲದಲ್ಲಿ, ಇಲ್ಲಿ ಬಾಗಿನ ಬಿಟ್ಟು ಮೂರ್ನಾಲ್ಕು ದಿನಗಳಾದ ಮೇಲೆ, ಕೆಲಸದ ಮೇಲೆ ಕೂಡಲಿಗೆ ಹೋಗಿದ್ದೆ. ಪ್ರವಾಹ ಸ್ವಲ್ಪ ಇಳಿದಿತ್ತು. ಸಂಗಮದಿಂದ ತುಸು ಕೆಳಗೆ ಒಬ್ಬ ಹಿರಿಯರು ಬೀಸುಬಲೆಯನ್ನು ದಡಕ್ಕೆಳೆದು ಬಿಡಿಸುತ್ತಿದ್ದರು. ಒಂದು ಹವಾಯಿ ಚಪ್ಪಲಿ, ಶಾಂಪೂ ಪೊಟ್ಟಣಗಳ ಒಂದು ಸರ, ಮತ್ತು ಒದ್ದೆಯಾಗಿ ಉಬ್ಬಿದ ಒಂದು ಮೊರ ಆಗಲೇ ಹೊರಗೆ ಬಂದಿದ್ದವು.

"ಏನಾದ್ರೂ ಸಿಕ್ತಾ ಮಾರಾಯ್ರೇ?" ಎಂದು ಕೇಳಿದೆ.

ಅವರು ಮೊರವನ್ನು ಎತ್ತಿ ನೀರು ಕೊಡವಿ, ಹೆಣಿಗೆಯನ್ನು ಬೆರಳಿನಿಂದ ಒತ್ತಿ ನೋಡಿದರು. "ಮೊರ ಗಟ್ಟಿ ಉಂಟು. ಹೋದ ವರ್ಷದ್ದು ಇಷ್ಟು ಒಳ್ಳೇದಿರಲಿಲ್ಲ" ಎಂದು ಹೇಳಿ, ಅದನ್ನು ಒಣಗಲು ಕಲ್ಲಿನ ಮೇಲೆ ಬೋರಲು ಹಾಕಿ, ಬಲೆಯನ್ನು ಮತ್ತೆ ಹೆಗಲಿಗೇರಿಸಿದರು.